ಟ್ರ್ಯಾಕ್ ಕಾರಿಗೆ ಬಾನೆಟ್ ವೆಂಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ವೇಗದ ಕಾರುಗಳಿಗೆ ಕೊರತೆ ಇಲ್ಲ. ಅವುಗಳನ್ನು ಮನಸ್ಸು ಬಿಚ್ಚಿ ಓಡಿಸಲು ದೊಡ್ಡ ಸರ್ಕ್ಯೂಟ್ ಮಾತ್ರ ಊರಲ್ಲಿ ಇಲ್ಲ. ಹಾಗಾಗಿ ಇಲ್ಲಿನವರು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗುತ್ತಾರೆ. ಇಲ್ಲವೇ ಚೆನ್ನೈ ಹತ್ತಿರ ಶ್ರೀಪೆರಂಬುದೂರಿನ ಬಳಿಯ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ಗೆ. ವಾಪಸ್ ಬಂದವರು ಮೊದಲು ಕೇಳುವುದು ಹೀಟಿಂಗ್ ಬಗ್ಗೆ. ಆಮೇಲೆ ಬಾನೆಟ್‌ಗೆ ತೂತು ಮಾಡಿಸುವ ಬಗ್ಗೆ. ಅಂಥ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಹೆಚ್ಚಿನವು ಮುಂದೆ ಇಂಜಿನ್ ಇರುವ ಕಾರುಗಳಿಗೆ ಸಂಬಂಧಿಸಿದವು.

ಬಾನೆಟ್ ವೆಂಟ್ ನಿಜವಾಗಿ ಏನು ಕೆಲಸ ಮಾಡುತ್ತದೆ?

ಬಿಸಿ ಗಾಳಿಯನ್ನು ಹೊರಗೆ ಬಿಡುತ್ತದೆ. ಇಂಜಿನ್ ಮೇಲೆ ತಣ್ಣನೆ ಗಾಳಿ ಬೀಳಿಸುವುದು ಅದರ ಕೆಲಸ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ.

ಕಾರು ಓಡುವಾಗ ಗ್ರಿಲ್‌ನಿಂದ ಗಾಳಿ ಒಳಗೆ ನುಗ್ಗುತ್ತದೆ, ರೇಡಿಯೇಟರ್ ದಾಟಿ ಇಂಜಿನ್ ಇರುವ ಜಾಗಕ್ಕೆ ಬರುತ್ತದೆ. ಅಲ್ಲಿಂದ ಅದು ಎಲ್ಲಿಗೆ ಹೋಗಬೇಕು? ಮಾಮೂಲಿ ಕಾರಿನಲ್ಲಿ ಇಂಜಿನ್, ಗೇರ್‌ಬಾಕ್ಸ್, ಪೈಪುಗಳ ಸಂದಿಯಲ್ಲಿ ನುಸುಳಿ ಕೆಳಗಡೆಯಿಂದ ಹೊರಬೀಳಬೇಕು. ದಾರಿ ಇಕ್ಕಟ್ಟು. ಹಾಗಾಗಿ ಬಾನೆಟ್ ಒಳಗೆ ಒತ್ತಡ ಏರುತ್ತದೆ. ಒಳಗೆ ಒತ್ತಡ ಏರಿದಷ್ಟೂ ರೇಡಿಯೇಟರ್ ಮೂಲಕ ಹೊಸ ಗಾಳಿ ಬರುವುದು ಕಡಿಮೆಯಾಗುತ್ತದೆ. ಒಂದೇ ಕಿಟಕಿ ಇರುವ ಕೋಣೆಗೆ ಹೊರಗೆ ಎಷ್ಟು ಗಾಳಿ ಬೀಸಿದರೂ ಒಳಗೆ ಬರುವುದಿಲ್ಲ ಅಲ್ವಾ? ಎದುರು ಗೋಡೆಯಲ್ಲೂ ಒಂದು ಕಿಟಕಿ ಬೇಕು. ಸರಿಯಾದ ಜಾಗದ ವೆಂಟ್ ಆ ಎರಡನೇ ಕಿಟಕಿ.

ಇನ್ನೊಂದು ಲಾಭವೂ ಇದೆ. ಒಳಗೆ ಸಿಕ್ಕಿಬಿದ್ದ ಗಾಳಿ ಬಾನೆಟ್ಟನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಒಂದು ಚದರ ಮೀಟರ್ ಬಾನೆಟ್ ಮೇಲೆ 100 ಪಾಸ್ಕಲ್ ಒತ್ತಡದ ವ್ಯತ್ಯಾಸ ಇದ್ದರೂ ಸುಮಾರು 10 ಕೆಜಿ ತೂಕದಷ್ಟು ತಳ್ಳು. ಆ ಗಾಳಿಗೆ ದಾರಿ ಕೊಟ್ಟರೆ ಮುಂದಿನ ಟೈರುಗಳ ಮೇಲಿನ ಭಾರ ಅಷ್ಟು ಉಳಿಯುತ್ತದೆ. ಬಾನೆಟ್ ಮೇಲಿಂದ ಹೋದ ಗಾಳಿ ಕಾರಿನ ಅಡಿಗೆ ಹೋಗುವುದಿಲ್ಲ. ವೇಗದ ತಿರುವಿನಲ್ಲಿ ಇದೂ ನೆರವಿಗೆ ಬರುತ್ತದೆ.

ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲೂ ಬಿಸಿಯಾಗದ ಕಾರು ಟ್ರ್ಯಾಕ್‌ನಲ್ಲಿ ಯಾಕೆ ಬಿಸಿಯಾಗುತ್ತದೆ?

ಟ್ರಾಫಿಕ್‌ನಲ್ಲಿ ಗಾಳಿ ಕಡಿಮೆ, ಆದರೆ ಇಂಜಿನ್ ಹುಟ್ಟಿಸುವ ಬಿಸಿಯೂ ಕಡಿಮೆ. ಫ್ಯಾನ್ ಒಂದೇ ಸಾಕಾಗುತ್ತದೆ. ಟ್ರ್ಯಾಕ್‌ನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ, ಹೆಚ್ಚು ಆರ್‌ಪಿಎಂನಲ್ಲಿ ನಿಮಿಷಗಟ್ಟಲೆ ಓಡಿಸುತ್ತೀರಿ. ಪೆಟ್ರೋಲಿನ ಶಕ್ತಿಯಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಕೂಲಂಟ್‌ಗೆ, ಅಂದರೆ ಇಂಜಿನ್ ತಣಿಸುತ್ತಾ ರೇಡಿಯೇಟರ್‌ಗೆ ಸುತ್ತುವ ದ್ರವಕ್ಕೆ, ಬಿಸಿಯಾಗಿ ಹೋಗುತ್ತದೆ. ಅಷ್ಟೂ ಬಿಸಿಯನ್ನು ರೇಡಿಯೇಟರ್ ಗಾಳಿಗೆ ಬಿಡಬೇಕು.

ಊರಿನ ವ್ಯತ್ಯಾಸವೂ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ 27 ಡಿಗ್ರಿ ಇದ್ದಾಗ, 100 ಡಿಗ್ರಿ ಕೂಲಂಟ್‌ಗೂ ಗಾಳಿಗೂ 73 ಡಿಗ್ರಿ ಅಂತರ. ಶ್ರೀಪೆರಂಬುದೂರಿನಲ್ಲಿ 38 ಡಿಗ್ರಿ ಮಧ್ಯಾಹ್ನ ಆ ಅಂತರ 62ಕ್ಕೆ ಇಳಿಯುತ್ತದೆ. ರೇಡಿಯೇಟರ್ ಕೆಲಸ ಈ ಅಂತರದ ಮೇಲೆ ನಿಂತಿದೆ. ಅಂದರೆ ಹತ್ತಿರ ಹತ್ತಿರ 15 ಶೇಕಡ ಕೈತಪ್ಪಿತು. ಸಮುದ್ರಮಟ್ಟದಲ್ಲಿ ಗಾಳಿ ಸ್ವಲ್ಪ ದಟ್ಟ ಇರುವುದರಿಂದ ಒಂದಷ್ಟು ವಾಪಸ್ ಸಿಗುತ್ತದೆ, ಪೂರ್ತಿ ಸಿಗುವುದಿಲ್ಲ. ಅದೇ ದಟ್ಟ ಗಾಳಿ ಇಂಜಿನ್‌ಗೂ ಹೋಗುತ್ತದೆ. ಟರ್ಬೊ (ಗಾಳಿಯನ್ನು ಒತ್ತಿ ಇಂಜಿನ್‌ಗೆ ತುಂಬುವ ಪಂಪ್) ಇಲ್ಲದ ಇಂಜಿನ್ ಅಲ್ಲಿ ಜಾಸ್ತಿ ಪವರ್ ಕೊಡುತ್ತದೆ, ಅದರ ಜೊತೆಗೆ ಜಾಸ್ತಿ ಬಿಸಿಯನ್ನೂ. ನಂದಿ ಬೆಟ್ಟದ ದಾರಿಯಲ್ಲಿ ಬೆಳಗ್ಗೆ ಓಡಿಸಿ "ಏನೂ ತೊಂದರೆ ಇಲ್ಲ" ಅಂದುಕೊಂಡರೆ ಅದು ಚೆನ್ನೈಗೆ ಅನ್ವಯಿಸುವುದಿಲ್ಲ.

ಕತ್ತರಿ ಹಾಕುವ ಮೊದಲು ಏನೇನು ನೋಡಬೇಕು?

ಈ ಪ್ರಶ್ನೆ ಕೇಳುವವರು ಕಡಿಮೆ. ಎಲ್ಲರೂ ಕೇಳಬೇಕು ಅನ್ನುವುದು ನನ್ನ ಆಸೆ.

ಮೊದಲು ಕೂಲಂಟ್. ಹಳೆಯದಾಗಿದ್ದರೆ ಬದಲಿಸಿ. ಸಿಸ್ಟಮ್‌ನಲ್ಲಿ ಏರ್ ಲಾಕ್ ಇಲ್ಲದಂತೆ ಗಾಳಿ ತೆಗೆಸಿ. ಆಮೇಲೆ ಪ್ರೆಷರ್ ಕ್ಯಾಪ್, ಅಂದರೆ ಕೂಲಂಟ್ ತುಂಬುವ ಬಾಯಿಯ ಮುಚ್ಚಳ. ಬೆಂಗಳೂರಿನ ಎತ್ತರದಲ್ಲಿ ಬರೀ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕೂಲಂಟ್ 110 ಡಿಗ್ರಿಯಲ್ಲೂ ಕುದಿಯದೆ ಇರುವುದಕ್ಕೆ ಅದರಲ್ಲಿರುವ ಗ್ಲೈಕಾಲ್ ಒಂದು ಕಾರಣ, ಕ್ಯಾಪ್ ಹಿಡಿದಿಡುವ ಒತ್ತಡ ಇನ್ನೊಂದು ಕಾರಣ. ಸ್ಪ್ರಿಂಗ್ ಸೋತ ಕ್ಯಾಪ್ ಇದ್ದರೆ ಎಷ್ಟು ವೆಂಟ್ ಹಾಕಿದರೂ ಪ್ರಯೋಜನವಿಲ್ಲ. ಥರ್ಮೋಸ್ಟಾಟ್ (ಬಿಸಿ ಏರಿದಾಗ ಕೂಲಂಟನ್ನು ರೇಡಿಯೇಟರ್‌ಗೆ ಬಿಡುವ ಕವಾಟ) ಪೂರ್ತಿ ತೆರೆಯುತ್ತದೆಯೇ, ಫ್ಯಾನ್ ಎರಡೂ ಸ್ಪೀಡಿನಲ್ಲಿ ತಿರುಗುತ್ತದೆಯೇ ನೋಡಿ.

ಆಮೇಲೆ ಬಂಪರ್ ಬಿಚ್ಚಿಸಿ. ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ನಮ್ಮ ಊರಿನ ಧೂಳು, ಎಲೆ ಚೂರು, ಹುಳುಗಳು ಕಂಬಳಿ ಥರ ಸೇರಿಕೊಂಡಿರುತ್ತವೆ. ಮುಂದಿನಿಂದ ನೋಡಿದರೆ ಇದು ಕಾಣುವುದೇ ಇಲ್ಲ. ಇಂಜಿನ್ ಕಡೆಯಿಂದ ಮುಂದಕ್ಕೆ ಕಡಿಮೆ ಒತ್ತಡದ ನೀರು ಬಿಟ್ಟು ತೊಳೆಯಿರಿ. ಬೈಕ್ ತೊಳೆಯುವ ಪ್ರೆಷರ್ ಗನ್ ಹಿಡಿದರೆ ರೇಡಿಯೇಟರ್‌ನ ತೆಳು ಎಲೆಗಳಂಥ ಫಿನ್‌ಗಳು ಮಡಚಿಕೊಳ್ಳುತ್ತವೆ.

ಕೊನೆಗೆ ಸಂದಿಗಳು. ಗ್ರಿಲ್‌ನಿಂದ ಬಂದ ಗಾಳಿಗೆ ರೇಡಿಯೇಟರ್ ಒಂದು ತಡೆ. ಪಕ್ಕದಲ್ಲಿ, ಮೇಲೆ, ಕೆಳಗೆ ಬೆರಳು ತೂರುವಷ್ಟು ಸಂದಿ ಇದ್ದರೆ ಗಾಳಿ ಆ ಸುಲಭದ ದಾರಿಯನ್ನೇ ಹಿಡಿಯುತ್ತದೆ. ತೆಳು ಅಲ್ಯೂಮಿನಿಯಂ ತಗಡು ಮತ್ತು ಒತ್ತಾದ ಫೋಮ್ ಇಟ್ಟು ಗ್ರಿಲ್‌ನಿಂದ ರೇಡಿಯೇಟರ್ ಅಂಚಿನವರೆಗೆ ಮುಚ್ಚಿಬಿಡಿ. ಖರ್ಚು ತೀರಾ ಕಡಿಮೆ. ಎಷ್ಟೋ ಕಾರುಗಳಿಗೆ ಇಷ್ಟೇ ಸಾಕು, ವೆಂಟ್ ಬೇಕಾಗುವುದಿಲ್ಲ. ಕಾರಿನ ಅಡಿಯ ಪ್ಲಾಸ್ಟಿಕ್ ಕವರ್ ಬಿದ್ದುಹೋಗಿದ್ದರೆ ಅದನ್ನೂ ವಾಪಸ್ ಹಾಕಿಸಿ. ಅದು ಬರೀ ಕೆಸರು ತಡೆಯಲು ಇಟ್ಟಿದ್ದಲ್ಲ, ಗಾಳಿ ಹೊರಹೋಗುವ ದಾರಿಯನ್ನೂ ಅದೇ ನಡೆಸುತ್ತದೆ.

ಸರಿ, ವೆಂಟ್ ಬಾನೆಟ್ ಮೇಲೆ ಎಲ್ಲಿ ಬರಬೇಕು?

ಬಾನೆಟ್ಟಿನ ಮುಂದಿನ ಅರ್ಧದಲ್ಲಿ. ರೇಡಿಯೇಟರ್ ಹಿಂದೆಯೇ, ಆದಷ್ಟು ಮುಂದಕ್ಕೆ. ಯಾಕೆ ಅಂತ ಗೊತ್ತಿದ್ದರೆ ಯಾವ ಕಾರಿಗಾದರೂ ನೀವೇ ಜಾಗ ಹುಡುಕಬಹುದು.

ಗಾಳಿ ಬಂಪರ್‌ಗೆ ನೇರ ಹೊಡೆಯುವ ಕಡೆ ಒತ್ತಡ ಅತಿ ಹೆಚ್ಚು. ಅಲ್ಲಿಂದ ಮೇಲೆ ಹತ್ತಿ ಬಾನೆಟ್‌ನ ಮುಂದಿನ ಅಂಚಿನಲ್ಲಿ ತಿರುಗುವಾಗ ಗಾಳಿ ವೇಗ ಪಡೆಯುತ್ತದೆ. ವೇಗ ಏರಿದ ಕಡೆ ಒತ್ತಡ ಬೀಳುತ್ತದೆ. ಹಾಗಾಗಿ ಅಂಚು ದಾಟಿದ ತಕ್ಷಣ ಬಾನೆಟ್ ಮೇಲೆ ಹೊರಗಿನ ಗಾಳಿಗಿಂತಲೂ ಕಡಿಮೆ ಒತ್ತಡದ ಪಟ್ಟಿಯೊಂದು ಇರುತ್ತದೆ. ಒಳಗಿನ ಬಿಸಿ ಗಾಳಿಯನ್ನು ಎಳೆದುಕೊಳ್ಳುವ ಶಕ್ತಿ ಇರುವುದು ಅಲ್ಲಿ. ಹಿಂದಕ್ಕೆ ಹೋದಂತೆ ಆ ಎಳೆತ ಕುಂದುತ್ತದೆ. ಮುಂದಿನ ಗ್ಲಾಸ್ ಬುಡಕ್ಕೆ ಬಂದರೆ ಪೂರ್ತಿ ಉಲ್ಟಾ. ಗಾಳಿ ಗ್ಲಾಸಿಗೆ ತಾಗಿ ನಿಧಾನವಾಗುತ್ತದೆ, ಒತ್ತಡ ಏರುತ್ತದೆ. ಕಾರಿನ ಒಳಗೆ ಗಾಳಿ ತೆಗೆದುಕೊಳ್ಳುವ ತೂತನ್ನು ಕಂಪನಿಗಳು ಗ್ಲಾಸ್ ಬುಡದಲ್ಲೇ ಇಡುವುದು ಇದೇ ಕಾರಣಕ್ಕೆ.

ಈ ಪಟ್ಟಿ ಪ್ರತಿ ಕಾರಿನಲ್ಲೂ ಒಂದೇ ಕಡೆ ಇರುವುದಿಲ್ಲ. ಮೂತಿ ದುಂಡಗಿರುವ, ಬಾನೆಟ್ ಇಳಿಜಾರಾಗಿರುವ ಕಾರಿನಲ್ಲಿ ಅದು ಸ್ವಲ್ಪ ಅಗಲವಾಗಿರುತ್ತದೆ. ಮೂತಿ ನೆಟ್ಟಗೆ, ಅಂಚು ಚೂಪಾಗಿರುವ ಕಾರಿನಲ್ಲಿ ಅಂಚಿನ ಹಿಂದೆಯೇ ಗಾಳಿ ಬಾನೆಟ್ಟಿನ ಮೈಬಿಟ್ಟು ಎದ್ದು ಗೊಂದಲವಾಗಿರಬಹುದು. ಅಗಲದ ದಿಕ್ಕಿನಲ್ಲಿ ನಡುಭಾಗವೇ ಸಾಮಾನ್ಯವಾಗಿ ಒಳ್ಳೆಯದು. ಆದರೆ ನಡುವೆ ಲಾಕ್, ಅದರ ಪಟ್ಟಿಗಳು ಇರುತ್ತವೆ. ಅದಕ್ಕೇ ಎರಡು ಪಕ್ಕದಲ್ಲಿ ಎರಡು ವೆಂಟ್ ಹಾಕುವುದು ರೂಢಿ.

ಇನ್ನೊಂದು ವಿಷಯ ಗಮನಿಸಿ. ವೆಂಟ್‌ನಿಂದ ಬರುವ ಬಿಸಿ ಗಾಳಿ ಬಾನೆಟ್ ಮೇಲೆ ಹರಿದು ಗ್ಲಾಸ್ ಬುಡಕ್ಕೆ ಹೋಗುತ್ತದೆ. ಅಲ್ಲಿಂದ ಕ್ಯಾಬಿನ್ ಒಳಗೆ ನುಗ್ಗಬಹುದು. ಟ್ರ್ಯಾಕ್‌ನಲ್ಲಿ ಎಸಿಯನ್ನು ಕಾರಿನ ಒಳಗಿನ ಗಾಳಿಯೇ ಸುತ್ತುವಂತೆ (ರೀಸರ್ಕ್ಯುಲೇಷನ್) ಇಡಿ. ಇಂಜಿನ್‌ನ ಏರ್ ಫಿಲ್ಟರ್ ಉಸಿರಾಡುವ ಬಾಯಿ ವೆಂಟ್ ಹಿಂದೆ ಇದ್ದರೆ ಜಾಗ ಬದಲಿಸಲೇಬೇಕು. ಬಿಸಿ ಗಾಳಿ ಕುಡಿದ ಇಂಜಿನ್ ಪವರ್ ಕಳೆದುಕೊಳ್ಳುತ್ತದೆ.

ಬಾನೆಟ್ ಹಿಂಬದಿಗೆ ವಾಷರ್ ಕೊಟ್ಟು ಸ್ವಲ್ಪ ಎತ್ತಿದರೆ ಸಾಲದೆ?

ನಿಂತ ಕಾರಿನಲ್ಲಿ ಬಿಸಿ ಆವಿ ಆ ಸಂದಿಯಿಂದ ಮೇಲೇಳುವುದು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಕೆಲಸ ಮಾಡುತ್ತಿದೆ ಅನ್ನಿಸುತ್ತದೆ. ಓಡುವಾಗ ಅಲ್ಲಿ ಒತ್ತಡ ಜಾಸ್ತಿ ಅಂತ ಮೇಲೆ ನೋಡಿದೆವು. ಹೊರಗಿನ ಗಾಳಿಯೇ ಒಳಗೆ ಬರಬಹುದು, ರೇಡಿಯೇಟರ್‌ಗೆ ಇನ್ನಷ್ಟು ತಡೆಯಾಗಬಹುದು. ಬಾನೆಟ್ ಹಿಂಜ್ ಮೇಲೆ ಕೂತ ಕೋನವೂ ಕೆಡುತ್ತದೆ. ಬೇಡ.

ನನ್ನ ಕಾರಿನಲ್ಲಿ ಒತ್ತಡ ಎಲ್ಲಿ ಕಡಿಮೆ ಇದೆ ಅಂತ ನಾನೇ ಅಳೆಯಬಹುದಾ?

ಖಂಡಿತ. ವಿಂಡ್ ಟನಲ್ ಬೇಕಾಗಿಲ್ಲ. ಬೇಕಾಗುವ ಸಾಮಾನು ಮೀನಿನ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ತೆಳು ಪಾರದರ್ಶಕ ಪೈಪ್, ಬಣ್ಣ ಹಾಕಿದ ನೀರು, ಒಂದು ಸ್ಕೇಲ್, ಮತ್ತು ಬೋರ್ಡು ಬರೆಸಲು ಬಳಸುವ ಸನ್‌ಪ್ಯಾಕ್ ಶೀಟಿನ ಒಂದು ಪಟ್ಟಿ.

ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ ಹಲಗೆಗೆ ಅಂಟಿಸಿ ಅರ್ಧ ನೀರು ತುಂಬಿ. ಪಕ್ಕದಲ್ಲಿ ಕೂತವರ ಕೈಯಲ್ಲಿ ಹಲಗೆ ಇರಲಿ. ಒಂದು ತುದಿಯ ಪೈಪ್ ಬಾನೆಟ್ ಒಳಗೆ, ರೇಡಿಯೇಟರ್ ಹಿಂದೆ, ಫ್ಯಾನಿನ ಗಾಳಿ ನೇರ ಬೀಳದ ಕಡೆ ಇರಲಿ. ಬಿಸಿ ಭಾಗಗಳಿಗೂ ಬೆಲ್ಟಿಗೂ ತಾಗದಂತೆ ಕಟ್ಟಿ. ಇನ್ನೊಂದು ತುದಿ ಬಾನೆಟ್ ಮೇಲೆ. ಸನ್‌ಪ್ಯಾಕ್ ಶೀಟಿನ ಒಳಗೆ ಉದ್ದಕ್ಕೂ ಕೊಳವೆಗಳಿರುತ್ತವೆ. ಒಂದು ಕೊಳವೆಯ ಮುಂದಿನ ತುದಿಯನ್ನು ಟೇಪ್‌ನಿಂದ ಮುಚ್ಚಿ. ಮೇಲಿನ ಮುಖದಲ್ಲಿ ಆ ಕೊಳವೆಗೆ ಒಂದು ಸಣ್ಣ ತೂತು ಮಾಡಿ. ಹಿಂದಿನ ತುದಿಗೆ ಪೈಪ್ ಸೇರಿಸಿ, ಸುತ್ತ ಗಾಳಿ ಸೋರದಂತೆ ಮುಚ್ಚಿ. ಶೀಟನ್ನು ಬಾನೆಟ್‌ಗೆ ಒತ್ತಿ ಅಂಟಿಸಿ, ಅಂಚುಗಳ ಮೇಲೆ ಟೇಪ್ ಎಳೆಯಿರಿ. ಪೈಪಿನ ಬಾಯಿಯನ್ನೇ ಗಾಳಿಗೆ ಹಿಡಿದರೆ ಸುಳ್ಳು ಲೆಕ್ಕ ಬರುತ್ತದೆ, ಅದಕ್ಕೇ ಇಷ್ಟು ಕೆಲಸ.

80 ಕಿಮೀ ವೇಗ ಸಾಕು. ಬೆಂಗಳೂರಿನ ಗಾಳಿಯಲ್ಲಿ 80 ಕಿಮೀ ವೇಗದ ಪೂರ್ತಿ ಒತ್ತಡ ಸುಮಾರು 260 ಪಾಸ್ಕಲ್, ಅಂದರೆ ಪೈಪಿನ ಎರಡು ಕಡೆಯ ನೀರಿನ ಮಟ್ಟದಲ್ಲಿ 27 ಮಿಲಿಮೀಟರ್ ವ್ಯತ್ಯಾಸ. ನಿಮಗೆ ಕಾಣುವುದು ಅದರ ಒಂದು ಭಾಗ. ಹಾಗಿದ್ದರೂ ಸ್ಕೇಲ್‌ನಲ್ಲಿ ಓದಲು ಬರುತ್ತದೆ. ಒತ್ತಡ ಕಡಿಮೆ ಇರುವ ಕಡೆಯ ನೀರು ಮೇಲೇರುತ್ತದೆ. ಬಾನೆಟ್ ಮೇಲಿನ ಪೈಪಿನ ಕಡೆ ನೀರು ಏರಿದರೆ ಆ ಜಾಗದಿಂದ ಗಾಳಿ ಹೊರಗೆ ಹೋಗುತ್ತದೆ. ಎಷ್ಟು ಹೆಚ್ಚು ಏರಿತೋ ಅಷ್ಟು ಒಳ್ಳೆಯ ಜಾಗ. ಇಳಿದರೆ ಅಲ್ಲಿ ತೂತು ಹೊಡೆಯಬೇಡಿ. ಶೀಟಿನ ತೂತನ್ನು ಮುಂದಿನಿಂದ ಹಿಂದಕ್ಕೆ ಒಂದೊಂದು ಗೇಣು ಸರಿಸುತ್ತಾ ಬರೆದುಕೊಳ್ಳಿ. ವೇಗ ಎರಡು ಪಟ್ಟಾದರೆ ಒತ್ತಡದ ವ್ಯತ್ಯಾಸ ಎಲ್ಲ ಕಡೆಯೂ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ 80ರಲ್ಲಿ ಸಿಕ್ಕ ನಕ್ಷೆ 160ಕ್ಕೂ ಸರಿ. ರಸ್ತೆಯಲ್ಲಿ ಹುಚ್ಚು ವೇಗ ಬೇಡವೇ ಬೇಡ. ಮುಂಜಾನೆ ಖಾಲಿ ಇರುವ, ಗಾಳಿ ಬೀಸದ ಸಮಯ ನೋಡಿ, ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯಿರಿ.

ಬಾನೆಟ್ ಮೇಲೆ ಉಣ್ಣೆ ದಾರದ ತುಂಡು ಅಂಟಿಸಿ ವೀಡಿಯೊ ತೆಗೆಯುವುದೂ ಒಳ್ಳೆಯದೇ. ದಾರ ನೆಟ್ಟಗೆ ಮಲಗಿದ್ದರೆ ಗಾಳಿ ಬಾನೆಟ್‌ಗೆ ಅಂಟಿ ಹರಿಯುತ್ತಿದೆ, ಕುಣಿಯುತ್ತಿದ್ದರೆ ಮೈಬಿಟ್ಟಿದೆ. ಒತ್ತಡ ಎಷ್ಟು ಅಂತ ಮಾತ್ರ ದಾರ ಹೇಳುವುದಿಲ್ಲ.

ಲೂವರ್, ಸ್ಕೂಪ್, ನಾಕಾ ಡಕ್ಟ್: ಯಾವುದು ತಗೋಬೇಕು?

ಸ್ಕೂಪ್ ಗಾಳಿಯನ್ನು ಒಳಗೆ ತರುತ್ತದೆ. ಹಳೆಯ 3.0 ಲೀಟರ್ ಫಾರ್ಚುನರ್‌ನ ಬಾನೆಟ್ ನೆನಪಿಸಿಕೊಳ್ಳಿ. ಅದರ ಸ್ಕೂಪ್ ಕೆಳಗೇ ಇಂಟರ್‌ಕೂಲರ್ (ಟರ್ಬೊದಿಂದ ಬಂದ ಬಿಸಿ ಗಾಳಿಯನ್ನು ತಣಿಸುವ ಭಾಗ) ಕೂತಿತ್ತು, ಅದಕ್ಕೆ ಗಾಳಿ ಬೇಕಿತ್ತು. ಇಂಟರ್‌ಕೂಲರ್ ಬಂಪರ್ ಹಿಂದೆ ಇರುವ ಕಾರಿಗೆ ಸ್ಕೂಪ್ ಹಾಕಿದರೆ ಇಂಜಿನ್ ಜಾಗದ ಒತ್ತಡವನ್ನು ಇನ್ನೂ ಏರಿಸಿದಂತೆ.

ನಾಕಾ ಡಕ್ಟ್ ಕೂಡ ಒಳಗೆ ಗಾಳಿ ತರುವ ಆಕಾರವೇ. ನಾಸಾದ ಹಿಂದಿನ ಸಂಸ್ಥೆ ನಾಕಾ 1940ರ ದಶಕದಲ್ಲಿ ವಿಮಾನಗಳಿಗಾಗಿ ರೂಪಿಸಿದ್ದು. ಬ್ರೇಕ್‌ಗೆ ಗಾಳಿ ಕೊಡಲು ಚೆನ್ನಾಗಿದೆ. ಅದನ್ನು ತಿರುಗಿಸಿ ಇಟ್ಟರೆ ಒಳ್ಳೆಯ ಹೊರದಾರಿ ಆಗುತ್ತದೆ ಅಂತ ಮಾರುವವರ ಮಾತು ನಂಬಬೇಡಿ.

ನಿಮಗೆ ಬೇಕಾಗಿರುವುದು ಲೂವರ್, ಅಂದರೆ ಹಿಂದಕ್ಕೆ ಬಾಯಿ ತೆರೆದ ಸಾಲು ಪಟ್ಟಿಗಳು. ಇಲ್ಲವೇ ಮುಂದೆ ಒಂದು ಸಣ್ಣ ತುಟಿ ಇರುವ ತೆರೆದ ವೆಂಟ್. ಆ ತುಟಿ ಬಹಳ ಮುಖ್ಯ. ವೆಂಟ್‌ನ ಮುಂದಿನ ಅಂಚಿನಲ್ಲಿ ಒಂದೆರಡು ಸೆಂಟಿಮೀಟರ್ ಎದ್ದಿರುವ ಪಟ್ಟಿ ಬಾನೆಟ್ ಮೇಲಿನ ಗಾಳಿಯನ್ನು ಎತ್ತುತ್ತದೆ. ಅದರ ಬೆನ್ನ ಹಿಂದೆ ಒತ್ತಡ ಇನ್ನೂ ಬೀಳುತ್ತದೆ, ಎಳೆತ ಹೆಚ್ಚುತ್ತದೆ. ವೆಂಟ್‌ನ ಹಿಂದಿನ ಅಂಚು ಬಾನೆಟ್ ಮಟ್ಟಕ್ಕಿಂತ ಸ್ವಲ್ಪ ತಗ್ಗಿ, ದುಂಡಗೆ ಇದ್ದರೆ ಹೊರಬಂದ ಗಾಳಿ ಸರಾಗವಾಗಿ ಹರಿಯುತ್ತದೆ. ಎರಡರಲ್ಲಿ ನನ್ನ ಆಯ್ಕೆ ಲೂವರ್. ಮಳೆಗೂ ಸ್ವಲ್ಪ ತಡೆ, ಬಾನೆಟ್ ಗಟ್ಟಿತನಕ್ಕೂ ಒಳ್ಳೆಯದು. ಬರೀ ಟ್ರ್ಯಾಕ್‌ಗೇ ಮೀಸಲಾದ ಕಾರಿಗೆ ತುಟಿ ಇರುವ ತೆರೆದ ವೆಂಟ್ ಹೆಚ್ಚು ಗಾಳಿ ಬಿಡುತ್ತದೆ.

ಅಂಟಿಸುವ ಪ್ಲಾಸ್ಟಿಕ್ ವೆಂಟ್ ಜೆ.ಸಿ. ರಸ್ತೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಕೆಳಗೆ ತೂತು ಇಲ್ಲದಿದ್ದರೆ ಅವು ಬರೀ ಅಲಂಕಾರ.

ಎಷ್ಟು ದೊಡ್ಡದಿರಬೇಕು?

ಅಳೆಯಬೇಕಾದದ್ದು ಗಾಳಿ ನಿಜವಾಗಿ ಹೋಗುವ ತೆರವು. ಹೊರಗಿನಿಂದ 30 ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದ ಇರುವ ವೆಂಟ್ ನೋಡಲು 600 ಚದರ ಸೆಂ.ಮೀ. ಅದರಲ್ಲಿ ಐದು ಲೂವರ್, ಪ್ರತಿಯೊಂದರ ಬಾಯಿ 1.5 ಸೆಂ.ಮೀ. ಇದ್ದರೆ ನಿಜವಾದ ದಾರಿ 225 ಚದರ ಸೆಂ.ಮೀ. ಮಾತ್ರ.

35 ಡಿಗ್ರಿಯಲ್ಲಿ ಒಳಬಂದ ಗಾಳಿ 80 ಡಿಗ್ರಿಯಾದರೆ ಸುಮಾರು 15 ಶೇಕಡ ಹಿಗ್ಗುತ್ತದೆ. ಹಾಗಾಗಿ ಒಟ್ಟು ಹೊರದಾರಿ ಗ್ರಿಲ್‌ನ ತೆರವಿಗಿಂತ ಸ್ವಲ್ಪ ದೊಡ್ಡದಿರಬೇಕು. ಒಂದು ಪಾಲು ಹೇಗೂ ಕೆಳಗಡೆಯಿಂದ ಹೋಗುತ್ತಲೇ ಇರುತ್ತದೆ, ವೆಂಟ್ ಉಳಿದದ್ದನ್ನು ನೋಡಿಕೊಂಡರೆ ಸಾಕು. ಒಳ್ಳೆಯ ಜಾಗದ ಚಿಕ್ಕ ವೆಂಟ್ ಕೆಟ್ಟ ಜಾಗದ ದೊಡ್ಡ ವೆಂಟ್‌ಗಿಂತ ಎಷ್ಟೋ ವಾಸಿ. ಚಿಕ್ಕದರಿಂದ ಶುರುಮಾಡಿ. ತೂತು ದೊಡ್ಡದು ಮಾಡಬಹುದು, ಚಿಕ್ಕದು ಮಾಡಲು ಬರುವುದಿಲ್ಲ.

ಜಾಲರಿ ಹಾಕಬಹುದಾ?

ಸಣ್ಣ ಕಣ್ಣಿನ ಜಾಲರಿ ಗಾಳಿಗೆ ದೊಡ್ಡ ತಡೆ. ಹಾಕಲೇಬೇಕಿದ್ದರೆ ತೆಳು ತಂತಿಯ, ಅಗಲ ಕಣ್ಣಿನದು ಹಾಕಿ. ವೆಂಟ್‌ನಲ್ಲಿ ಜಾಲರಿ ಬರೀ ನೋಟಕ್ಕೆ. ರೇಡಿಯೇಟರ್‌ಗೆ ಕಲ್ಲು ತಾಗದಂತೆ ಗ್ರಿಲ್ ಹಿಂದೆ ಹಾಕುವ ಜಾಲರಿ ಮಾತ್ರ ಅಗತ್ಯದ್ದು.

ರೇಡಿಯೇಟರ್‌ನಿಂದ ವೆಂಟ್‌ವರೆಗೆ ಡಕ್ಟ್ ಕಟ್ಟಬೇಕಾ?

ಜಾಗ ಇದ್ದರೆ ಇದಕ್ಕಿಂತ ಒಳ್ಳೆಯದು ಇಲ್ಲ. ರೇಡಿಯೇಟರನ್ನು ಮುಂದಕ್ಕೆ ವಾಲಿಸಿ, ಹಿಂದೆ ತಗಡಿನ ಡಕ್ಟ್ ಕಟ್ಟಿ ಬಿಸಿ ಗಾಳಿಯನ್ನು ನೇರ ಬಾನೆಟ್‌ನಿಂದ ಹೊರಗೆ ಬಿಡುವುದು ರೇಸ್ ಕಾರುಗಳಲ್ಲಿ ರೂಢಿ. ಆಗ ಇಂಜಿನ್ ಜಾಗಕ್ಕೆ ರೇಡಿಯೇಟರ್‌ನ ಬಿಸಿ ಬರುವುದೇ ಇಲ್ಲ. ನಮ್ಮ ಹೆಚ್ಚಿನ ಕಾರುಗಳಲ್ಲಿ ಇಂಜಿನ್ ಅಡ್ಡ ಕೂತಿರುತ್ತದೆ, ರೇಡಿಯೇಟರ್ ಹಿಂದೆಯೇ ಫ್ಯಾನ್, ಅದರ ಹಿಂದೆಯೇ ಇಂಜಿನ್. ಡಕ್ಟ್‌ಗೆ ಜಾಗವಿಲ್ಲ. ಫ್ಯಾನ್ ತೆಗೆದು ಡಕ್ಟ್ ಹಾಕುವ ಆಸೆ ಬಿಡಿ. ಪಿಟ್‌ಗೆ (ಟ್ರ್ಯಾಕ್ ಪಕ್ಕದ ನಿಲುಗಡೆಗೆ) ಬಂದು ನಿಂತಾಗ ಕಾರನ್ನು ಉಳಿಸುವುದು ಅದೇ ಫ್ಯಾನ್.

ಟರ್ಬೊ ಕಾರಿಗೆ ಟರ್ಬೊ ಮೇಲೆಯೇ ವೆಂಟ್ ಇಡಬೇಕಾ?

ಇದು ಬೇರೆ ಉದ್ದೇಶದ ವೆಂಟ್. ಟರ್ಬೊ ಸುತ್ತಲಿನ ವೈರ್, ರಬ್ಬರ್ ಪೈಪ್, ಬಾನೆಟ್ ಪೇಂಟ್ ಸುಡುತ್ತಿದ್ದರೆ ಅದರ ಮೇಲೊಂದು ಚಿಕ್ಕ ಲೂವರ್ ಒಳ್ಳೆಯದು. ಪಿಟ್‌ನಲ್ಲಿ ನಿಂತಾಗ ಬಿಸಿ ತಾನಾಗಿ ಮೇಲೇರಿ ಹೋಗುತ್ತದೆ. ಟರ್ಬೊ ಇಂಜಿನ್ ಹಿಂದೆ, ಗ್ಲಾಸ್ ಕಡೆ ಇದ್ದರೆ ಓಡುವಾಗ ಆ ವೆಂಟ್‌ನಿಂದ ಗಾಳಿ ಒಳಗೇ ಬರಬಹುದು. ಅಲ್ಲಿಯೂ ನೀರಿನ ಪೈಪಿನಿಂದ ಅಳೆಯಿರಿ. ಮೊದಲು ಟರ್ಬೊಗೆ ಹೀಟ್ ಶೀಲ್ಡ್ ಅಥವಾ ಬ್ಲಾಂಕೆಟ್ ಹಾಕಿಸಿ ನೋಡಿ.

ನನ್ನದು ಪೋರ್ಷೆ ಕೇಮನ್. ನನಗೂ ಬಾನೆಟ್ ವೆಂಟ್ ಬೇಕಾ?

ಕೇಮನ್‌ನ ಇಂಜಿನ್ ಸೀಟಿನ ಹಿಂದೆ, ಅದೇ ಕಂಪನಿಯ 911ರದ್ದು ತೀರಾ ಹಿಂದೆ. ಮುಂದಿನ ಬಾನೆಟ್ ಕೆಳಗೆ ಲಗೇಜ್ ಜಾಗ. ಅಲ್ಲಿ ತೂತು ಮಾಡಿದರೆ ಇಂಜಿನ್‌ಗೆ ಏನೂ ಆಗುವುದಿಲ್ಲ. ರೇಡಿಯೇಟರ್‌ಗಳು ಮಾತ್ರ ಮುಂದಿನ ಬಂಪರ್ ಮೂಲೆಗಳಲ್ಲಿವೆ. ಅವುಗಳ ಮುಂದೆ ಒಣ ಎಲೆ ಸೇರಿಕೊಳ್ಳುವುದು ಈ ಕಾರುಗಳ ಹಳೆಯ ಕಾಯಿಲೆ. ಅದನ್ನು ತೆಗೆಯಿರಿ. 911 ಜಿಟಿ3 ಆರ್‌ಎಸ್‌ನ 992 ತಲೆಮಾರಿನಲ್ಲಿ ಲಗೇಜ್ ಜಾಗವನ್ನೇ ಬಿಟ್ಟುಕೊಟ್ಟು ನಡುವೆ ಒಂದೇ ದೊಡ್ಡ ರೇಡಿಯೇಟರ್ ಇಟ್ಟು ಗಾಳಿಯನ್ನು ಬಾನೆಟ್‌ನ ಎರಡು ದೊಡ್ಡ ಹೊಳ್ಳೆಗಳಿಂದ ಹೊರಬಿಟ್ಟಿದ್ದಾರೆ. ಆ ಬಿಸಿ ಗಾಳಿ ಹಿಂದಿನ ಇಂಜಿನ್‌ನ ಉಸಿರಿಗೆ ಸೇರದಂತೆ ಛಾವಣಿ ಮೇಲೆ ರೆಕ್ಕೆಗಳಿವೆ. ಬಿಸಿ ಗಾಳಿ ಹೊರಬಂದ ಮೇಲೆ ಎಲ್ಲಿಗೆ ಹೋಗುತ್ತದೆ ಅಂತಲೂ ಯೋಚಿಸಬೇಕು ಅನ್ನುವುದಕ್ಕೆ ಇದು ಒಳ್ಳೆಯ ಪಾಠ.

ಬೆಂಗಳೂರಿನ ಮಳೆಯಲ್ಲಿ ಏನು ಗತಿ?

ಓಡುವಾಗ ಗಾಳಿ ಹೊರಗೆ ಬರುತ್ತಿರುವುದರಿಂದ ನೀರು ಅಷ್ಟಾಗಿ ಒಳಗೆ ಬೀಳುವುದಿಲ್ಲ. ತೊಂದರೆ ನಿಂತಾಗ. ಸಂಜೆ ನಾಲ್ಕಕ್ಕೆ ಸುರಿಯುವ ಮಳೆ ನೇರ ಒಳಗೆ. ಇಂಜಿನ್‌ಗೆ ಭಯವಿಲ್ಲ, ಅದರ ಮೇಲಿನ ಇಗ್ನಿಷನ್ ಕಾಯಿಲ್, ಫ್ಯೂಸ್ ಬಾಕ್ಸ್, ಆಲ್ಟರ್ನೇಟರ್, ತೆರೆದ ಏರ್ ಫಿಲ್ಟರ್‌ಗೆ ಭಯ. ವೆಂಟ್ ಕೆಳಗೆ ಇವು ಯಾವುವೂ ಇಲ್ಲದಂತೆ ಜಾಗ ಆರಿಸಿ. ಆಗದಿದ್ದರೆ ಕೆಳಗೊಂದು ತಗಡಿನ ತಟ್ಟೆ, ಅದರಿಂದ ನೀರು ಇಳಿಯಲು ಒಂದು ಪೈಪ್ ಕೊಡಿ. ಊರಲ್ಲಿ ಓಡಿಸುವಾಗ ಸ್ಕ್ರೂ ಹಾಕಿ ಮುಚ್ಚುವ ಪ್ಲೇಟ್ ಮಾಡಿಸಿಕೊಂಡರೆ ಇನ್ನೂ ನೆಮ್ಮದಿ. ಟ್ರ್ಯಾಕ್‌ಗೆ ಇಳಿಯುವ ಮೊದಲು ಅದನ್ನು ತೆಗೆಯಲು ಮರೆಯಬಾರದು.

ಕತ್ತರಿಸುವ ಕೆಲಸ ಯಾರ ಹತ್ತಿರ, ಹೇಗೆ ಮಾಡಿಸಬೇಕು?

ಮೊದಲ ಮಾತು: ಕಂಪನಿಯ ಬಾನೆಟ್‌ಗೆ ಕತ್ತರಿ ಹಾಕಬೇಡಿ. ಶಿವಾಜಿನಗರದ ಹಳೆ ಬಿಡಿಭಾಗಗಳ ಅಂಗಡಿಗಳಲ್ಲಿ ಅದೇ ಮಾಡೆಲ್‌ನ ಬಾನೆಟ್ ಹುಡುಕಿ. ಅದಕ್ಕೆ ವೆಂಟ್ ಹಾಕಿಸಿ, ಒರಿಜಿನಲ್ ಅನ್ನು ಹಾಗೇ ಇಟ್ಟುಕೊಳ್ಳಿ.

ಲೂವರ್ ಪ್ಲೇಟನ್ನು ಪೀಣ್ಯದ ಲೇಸರ್ ಕಟಿಂಗ್ ವರ್ಕ್‌ಶಾಪ್‌ಗಳಲ್ಲಿ ಡ್ರಾಯಿಂಗ್ ಕೊಟ್ಟು ಅಲ್ಯೂಮಿನಿಯಂನಲ್ಲಿ ಮಾಡಿಸಬಹುದು. ಬಾನೆಟ್ ಕತ್ತರಿಸಲು ಅನುಭವವಿರುವ ಟಿಂಕರಿಂಗ್ ಮೇಸ್ತ್ರಿ ಬೇಕು. ಬಾನೆಟ್ ಒಂದೇ ತಗಡಲ್ಲ. ಮೇಲೆ ತೆಳು ಹೊದಿಕೆ, ಕೆಳಗೆ ಪಕ್ಕೆಲುಬಿನಂಥ ಚೌಕಟ್ಟು. ಆ ಪಕ್ಕೆಲುಬುಗಳ ನಡುವೆ ಮಾತ್ರ ಕತ್ತರಿಸಬೇಕು. ಲಾಕ್ ಮತ್ತು ಹಿಂಜ್ ಹತ್ತಿರದ ಪಟ್ಟಿಗಳನ್ನು ಮುಟ್ಟಲೇಬಾರದು. ಅಪಘಾತದಲ್ಲಿ ಬಾನೆಟ್ ಎಲ್ಲಿ ಮಡಚಬೇಕು ಅನ್ನುವುದೂ ಆ ಚೌಕಟ್ಟಿನಲ್ಲೇ ಇದೆ. ಬಾನೆಟ್ಟನ್ನು ಕಾರಿಗೆ ಹಾಕಿ, ಮುಚ್ಚಿ, ಕೆಳಗಿರುವ ಭಾಗಗಳ ಎತ್ತರ ನೋಡಿದ ಮೇಲೆಯೇ ಗುರುತು ಹಾಕಿ. ಮೂಲೆಗಳಲ್ಲಿ ಮೊದಲು ದುಂಡಗೆ ಡ್ರಿಲ್ ಮಾಡಿಸಿ. ಚೂಪು ಮೂಲೆಯಿಂದ ತಗಡು ಸೀಳುತ್ತದೆ. ಕತ್ತರಿಸಿದ ಅಂಚಿಗೆ ಆ ದಿನವೇ ಪ್ರೈಮರ್ ಬೀಳಬೇಕು, ಇಲ್ಲದಿದ್ದರೆ ಒಂದು ಮಳೆಗಾಲದಲ್ಲಿ ತುಕ್ಕು. ವೆಂಟ್ ಕೂರಿಸಲು ರಿವೆಟ್ ಅಥವಾ ನಟ್ಟು-ಬೋಲ್ಟು. ಬರೀ ಡಬಲ್ ಟೇಪ್ ಸಾಲದು.

ಕಾರ್ಬನ್ ಫೈಬರ್ ಬಾನೆಟ್ ವೆಂಟ್ ಸಮೇತ ಬರುತ್ತದಲ್ಲ, ಅದು ಬೇಡವಾ?

ತೂಕ ಕಡಿಮೆಯಾಗುತ್ತದೆ, ಅದು ನಿಜ. ವೆಂಟ್‌ನ ಜಾಗ ಮಾತ್ರ ಎಷ್ಟೋ ಬಾರಿ ನೋಟಕ್ಕಾಗಿ ಆರಿಸಿದ್ದು, ಗ್ಲಾಸ್ ಹತ್ತಿರ ಇರುತ್ತದೆ. ಬಾನೆಟ್ ಪಿನ್ (ಬಾನೆಟ್ ಹಾರಿ ತೆರೆಯದಂತೆ ಹಿಡಿಯುವ ಹೆಚ್ಚುವರಿ ಕೊಂಡಿ) ಇಲ್ಲದೆ ಅಂಥ ಹಗುರ ಬಾನೆಟ್‌ನಲ್ಲಿ ಟ್ರ್ಯಾಕ್‌ಗೆ ಇಳಿಯಬೇಡಿ.

ಆರ್‌ಟಿಒ, ವಿಮೆ ತೊಂದರೆ ಕೊಡುತ್ತಾವಾ?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ಮೂಲ ವಿವರಗಳಿಂದ ವಾಹನ ಬದಲಾಗುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಗಿಯಾಗಿ ಓದಿತು. ಬಾನೆಟ್ ಕತ್ತರಿಸಿದ ಕಾರನ್ನು ದಿನಾ ಊರಲ್ಲಿ ಓಡಿಸಿದರೆ ತಕರಾರು ಬರಬಹುದು. ವಿಮಾ ಕಂಪನಿಗೆ ತಿಳಿಸದ ಬದಲಾವಣೆ ಕ್ಲೇಮ್ ಹೊತ್ತಿನಲ್ಲಿ ಅಡ್ಡ ಬರುತ್ತದೆ. ಮಾಮೂಲಿ ಪಾಲಿಸಿ ರೇಸಿಂಗ್ ಮತ್ತು ವೇಗದ ಪರೀಕ್ಷೆಯನ್ನು ಹೇಗೂ ಹೊರಗಿಡುತ್ತದೆ. ಟ್ರೇಲರ್‌ನಲ್ಲಿ ಕಾರು ಒಯ್ಯುವುದು, ಅಥವಾ ಟ್ರ್ಯಾಕ್‌ನಲ್ಲೇ ಬಾನೆಟ್ ಬದಲಿಸುವುದು ಸುರಕ್ಷಿತ ದಾರಿ. ಇಬ್ಬರು ಇದ್ದರೆ ಹಿಂಜ್‌ನ ಬೋಲ್ಟುಗಳು, ಗ್ಲಾಸ್ ತೊಳೆಯುವ ನೀರಿನ ಪೈಪ್ ಬಿಚ್ಚಿ ಬದಲಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಸ್ಪರ್ಧೆಗೆ ಇಳಿಯುವವರು ತಮ್ಮ ಕ್ಲಾಸಿನ ನಿಯಮದಲ್ಲಿ ಬಾನೆಟ್ ವೆಂಟ್‌ಗೆ ಅವಕಾಶ ಇದೆಯೇ ಅಂತ ಮೊದಲೇ ಓದಿಕೊಳ್ಳಿ.

ವೆಂಟ್ ಹಾಕಿದರೆ ಇಂಜಿನ್ ಆಯಿಲ್ ಮತ್ತು ಬ್ರೇಕ್ ಕೂಡ ತಣ್ಣಗಾಗುತ್ತವಾ?

ಆಯಿಲ್ ಸ್ವಲ್ಪ. ಕೂಲಂಟ್ ಹತೋಟಿಯಲ್ಲಿದ್ದೂ ಆಯಿಲ್ 130 ಡಿಗ್ರಿ ದಾಟುತ್ತಿದ್ದರೆ ಆಯಿಲ್ ಕೂಲರ್ ಹಾಕಿಸಿ, ವೆಂಟ್‌ನಿಂದ ಅದು ಸರಿಹೋಗುವುದಿಲ್ಲ. ಬ್ರೇಕ್‌ಗೆ ಬೇರೆಯೇ ಡಕ್ಟ್ ಬೇಕು.

ಹಾಕಿದ ಮೇಲೆ ಫಲ ಸಿಕ್ಕಿತಾ ಅಂತ ಹೇಗೆ ಗೊತ್ತಾಗುತ್ತದೆ?

ಡ್ಯಾಶ್‌ಬೋರ್ಡ್‌ನ ಮುಳ್ಳು ನಂಬಬೇಡಿ. ಎಷ್ಟೋ ಕಾರುಗಳಲ್ಲಿ ಅದು ದೊಡ್ಡ ಏರಿಳಿತದಲ್ಲೂ ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. ಓಬಿಡಿ ಡಾಂಗಲ್ (ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಫೋನಿಗೆ ಕಳಿಸುವ ಸಾಧನ) ಹಾಕಿ ಫೋನಿನಲ್ಲಿ ಕೂಲಂಟ್ ಮತ್ತು ಇಂಜಿನ್ ಒಳಬರುವ ಗಾಳಿಯ ಬಿಸಿ ದಾಖಲಿಸಿ. ವೆಂಟ್ ಮುಚ್ಚುವ ಪ್ಲೇಟ್ ಇದ್ದರೆ ಪರೀಕ್ಷೆ ಬಹಳ ಸುಲಭ. ಒಂದು ಸೆಷನ್ ಮುಚ್ಚಿ, ಮುಂದಿನದು ತೆರೆದು ಓಡಿಸಿ. ಅದೇ ಡ್ರೈವರ್, ಅದೇ ಟೈರು, ಹತ್ತಿರದ ಲ್ಯಾಪ್ ಟೈಮ್ ಇರಲಿ. ಪ್ರತಿ ಸೆಷನ್‌ನ ಹೊರಗಿನ ಬಿಸಿಯನ್ನೂ ಬರೆದಿಡಿ. ಬೆಳಗ್ಗೆ ಮುಚ್ಚಿ ಓಡಿಸಿ ಮಧ್ಯಾಹ್ನ ತೆರೆದು ಓಡಿಸಿದರೆ ಹೋಲಿಕೆ ಸರಿಬರುವುದಿಲ್ಲ. ನೋಡಬೇಕಾದ ಸಂಖ್ಯೆ ಕೂಲಂಟ್ ಬಿಸಿಯಿಂದ ಹೊರಗಿನ ಬಿಸಿ ಕಳೆದರೆ ಉಳಿಯುವುದು. ವೆಂಟ್ ತೆರೆದಾಗ ಅದು ಕಡಿಮೆಯಾದರೆ ಫಲ ಸಿಕ್ಕಿದೆ. ಕೂಲಂಟ್ ಥರ್ಮೋಸ್ಟಾಟ್ ಮಟ್ಟದಲ್ಲೇ ನಿಂತಿದ್ದರೆ ವ್ಯತ್ಯಾಸ ಕಾಣುವುದಿಲ್ಲ, ಅದಕ್ಕಿಂತ ಮೇಲೆ ಏರಿದ ಲ್ಯಾಪ್‌ಗಳನ್ನೇ ಹೋಲಿಸಿ.

ಮೊದಲ ಸೆಷನ್ ಮುಗಿದ ಕೂಡಲೇ ರಿವೆಟ್‌ಗಳನ್ನು ಕೈಯಿಂದ ಅಲ್ಲಾಡಿಸಿ ನೋಡಿ. ಮೂಲೆಗಳಲ್ಲಿ ಬಿರುಕು ಬಂದಿದೆಯೇ ನೋಡಿ. ಮುಂದಿನ ಗ್ಲಾಸಿನ ಮೇಲೆ ಎಣ್ಣೆಯ ಮಂಜು ಕಂಡರೆ ಒಳಗೆ ಎಲ್ಲೋ ಸೋರುತ್ತಿದೆ, ವೆಂಟ್ ಅದನ್ನು ನಿಮ್ಮ ಕಣ್ಣ ಮುಂದೆಯೇ ತಂದು ಹಾಕಿದೆ. ಗ್ಲಾಸ್ ಒರೆಸಿ ಮತ್ತೆ ಇಳಿಯಬೇಡಿ. ಬಾನೆಟ್ ತೆರೆದು ಸೋರುವ ಜಾಗ ಹುಡುಕಿ.